ಎಣಿಸುವವನು ನಿಲ್ಲುತ್ತಿದ್ದ ಜಾಗ

ಜನವರಿ 4, 2025, ಶನಿವಾರ

ಸೊಸೈಟಿಯವರು ಕೊಟ್ಟ ಈ ಡೈರಿಯನ್ನು ವಿಮಲಾ ರಂಗೋಲಿ ಬಿಡಿಸಿಕೊಳ್ಳಲು ಎತ್ತಿಟ್ಟಿದ್ದಳು. ಕೇಳದೆ ತೆಗೆದುಕೊಂಡೆ. ಎಪ್ಪತ್ತೊಂದನೇ ವಯಸ್ಸಿನಲ್ಲಿ ನನಗೂ ಬರೆದಿಡುವಂಥ ಕೆಲಸ ಒಂದು ಬಂದಿದೆ.

ಇವತ್ತು ನಮ್ಮ ಕ್ವಾರಿ ಕಾಲೋನಿಗೆ ಪಾಲಿಕೆ ಆಫೀಸಿನಿಂದ ಶಶಿಕುಮಾರ್ ಅನ್ನುವವರು ಬಂದಿದ್ದರು. ಕಾಮಾಕ್ಷಿಪಾಳ್ಯದ ಹಿಂದೆ ಇಂಥದ್ದೊಂದು ಕಲ್ಲುಗಣಿ ಇತ್ತೆಂದೇ ಅವರಿಗೆ ಗೊತ್ತಿರಲಿಲ್ಲವಂತೆ. ಈಗಿನವರಿಗೆ ಅದು ಗಬ್ಬು ನೀರು ನಿಂತ ಹಳ್ಳ, ಅಷ್ಟೆ. ಆ ಹಳ್ಳ ಇನ್ನು ಪಾರ್ಕ್ ಆಗುತ್ತದೆ. ಅಂಚಿನಲ್ಲಿರುವ ನಮ್ಮ ಅರವತ್ತೆರಡು ಮನೆಗಳನ್ನು ಕೆಡವುತ್ತಾರೆ. ಗಣಿ ನಡೆಯುತ್ತಿದ್ದ ಕಾಲದಿಂದ ಇದ್ದವರಿಗೆ ಪಕ್ಕದಲ್ಲೇ ಏಳುತ್ತಿರುವ ಮೂರು ಅಂತಸ್ತಿನ ಕಟ್ಟಡದಲ್ಲಿ ಒಂದೊಂದು ಮನೆ. ಆಮೇಲೆ ಬಂದು ಸೇರಿಕೊಂಡವರಿಗೆ ಏನೂ ಇಲ್ಲ.

ಗಣಿ ನಿಂತಿದ್ದು ತೊಂಬತ್ತೊಂದರಲ್ಲಿ. ಅದಕ್ಕೂ ಹಿಂದಿನ ಕಾಗದ ಯಾರ ಹತ್ತಿರ ಇದೆ? ಮಾಲೀಕರ ಹಾಜರಿ ಪುಸ್ತಕಗಳನ್ನು ಗೆದ್ದಲು ತಿಂದು ಯಾವ ಕಾಲವಾಯಿತು. ಅದಕ್ಕೇ ಹಳಬರಿಬ್ಬರು ಪಂಚರಾಗಿ ನಿಂತು, ಯಾರು ಹಳಬರು ಯಾರು ಹೊಸಬರು ಎಂದು ಹೇಳಿ ಮಹಜರಿಗೆ ಸಹಿ ಹಾಕಬೇಕು. ಒಬ್ಬ ಕ್ರಷರ್ ಓಡಿಸುತ್ತಿದ್ದ ದುಂಡಪ್ಪ. ಇನ್ನೊಬ್ಬ ನಾನು.

ನನ್ನನ್ನು ಬಿಟ್ಟರೆ ಇನ್ಯಾರು? ಹದಿನಾರು ವರ್ಷ ಈ ಗಣಿಯಲ್ಲಿ ಸಿಡಿತ ಎಣಿಸಿದವನು ನಾನು. ಬಂಡೆಗೆ ಎಷ್ಟು ತೂತು ಕೊರೆದು ಮದ್ದು ತುಂಬಿದ್ದಾರೋ ಅಷ್ಟು ಢಂ ಕೇಳಬೇಕು. ಎಲ್ಲ ಎಣಿಸಿ ನಾನು ಸೀಟಿ ಊದಿದ ಮೇಲೆಯೇ ಜನ ಗಣಿಗೆ ಇಳಿಯಬೇಕು. ಒಂದು ಕಮ್ಮಿಯಾಯಿತೋ, ಸಿಡಿಯದ ಮದ್ದು ಒಳಗೇ ಕೂತಿದೆ ಎಂದು ಅರ್ಥ. ಅವತ್ತು ನರಪಿಳ್ಳೆಯೂ ಇಳಿಯುವಂತಿಲ್ಲ. ಇನ್ನೂರು ಜನರ ಪ್ರಾಣ ನನ್ನ ಕಿವಿಯಲ್ಲಿತ್ತು.

ಜನವರಿ 6, ಸೋಮವಾರ

ಉಪಾಯ ನನ್ನದೇ. ಶಶಿಕುಮಾರ್ ಭೇಷ್ ಎಂದರು. ಅರ್ಜಿ ಹಾಕಿದವರನ್ನು ಹಳ್ಳದ ಸುತ್ತ ಕರೆದುಕೊಂಡು ಹೋಗಿ, ಈಗ ಇಲ್ಲದ ಐದು ಜಾಗ ತೋರಿಸು ಅನ್ನುವುದು. ಮದ್ದಿನ ಮನೆ ಎಲ್ಲಿತ್ತು, ಅಲ್ಲೀಗ ಅಂಗನವಾಡಿ. ಉಳಿ ಹದ ಮಾಡುವ ಕುಲುಮೆ ಎಲ್ಲಿತ್ತು, ಅಲ್ಲೀಗ ಕಟಿಂಗ್ ಶಾಪು. ಕ್ರಷರ್ ಎಲ್ಲಿತ್ತು, ಅಲ್ಲೀಗ ಗಣೇಶ ಕೂರಿಸುವ ಕಟ್ಟೆ. ಲಾರಿ ತೂಕ ಹಾಕುತ್ತಿದ್ದ ಜಾಗದಲ್ಲಿ ಪಂಕ್ಚರ್ ಅಂಗಡಿ. ಐದನೆಯದು, ಸಿಡಿತ ಎಣಿಸುವವನು ಎಲ್ಲಿ ನಿಲ್ಲುತ್ತಿದ್ದ. ಎಣಿಕೆ ಬಂಡೆ ಈಗ ಅಪಾರ್ಟ್‌ಮೆಂಟಿನ ಕಾಂಪೌಂಡಿನಡಿ ಹೂತುಹೋಗಿದೆ; ಗೋಡೆ ಬುಡದಲ್ಲಿ ಒಂದು ಗೂನು ಕಾಣುತ್ತದಷ್ಟೆ. ಹೊಸಬರು ತಿಪ್ಪರಲಾಗ ಹಾಕಿದರೂ ತೋರಿಸಲಾರರು.

ಐದರಲ್ಲಿ ಮೂರು ಹೇಳಿದರೆ ಪಾಸು ಎಂದು ಇಟ್ಟಿದ್ದೇನೆ. ವಯಸ್ಸಾದವರು, ಮರೆಯುತ್ತಾರೆ. ಹಿಂಸೆ ಕೊಡುವುದು ನಮ್ಮ ಉದ್ದೇಶವಲ್ಲ.

ರಟ್ಟಿಗೆ ಕಾಗದ ಸಿಕ್ಕಿಸಿಕೊಂಡು ಎರಡು ಸಲ ಹಳ್ಳ ಸುತ್ತಿ ಬಂದೆ. "ಅಲ್ಪನಿಗೆ ಐಶ್ವರ್ಯ ಬಂದಂಗಾಯ್ತು, ಇನ್ನು ಒಂದು ಕೊಡೆ ತಂದ್ಕೊಡ್ಲಾ ರೀ?" ಎಂದಳು ವಿಮಲಾ. ನಗು ಬಂತು.

ಜನವರಿ 9, ಗುರುವಾರ

ಹನ್ನೊಂದು ಮನೆ ಮುಗಿಯಿತು. ಒಬ್ಬ ಭೂಪ ಸಾರ್ವಜನಿಕ ಕಕ್ಕಸು ತೋರಿಸಿ ಇದೇ ಮದ್ದಿನ ಮನೆ ಎಂದ. ದುಂಡಪ್ಪ ನಕ್ಕು ನಕ್ಕು ಕೆಮ್ಮಿದ. ಮೂವರು ಮೂರೇ ಮೂರು ಸರಿ ಹೇಳಿದರು, ಪಾಸು ಮಾಡಿದೆ. ಅವರಲ್ಲೊಬ್ಬ ಕಾಲಿಗೆ ಬಿದ್ದ. ಬೇಡಪ್ಪ ಬೇಡ ಎಂದೆ, ಆದರೆ ಕಾಲು ಹಿಂದಕ್ಕೆ ಎಳೆದುಕೊಳ್ಳಲಿಲ್ಲ ಅನ್ನುವುದು ಈಗ ಬರೆಯುವಾಗ ಹೊಳೆಯಿತು.

ಮಧ್ಯಾಹ್ನದ ಬಿಸಿಲಿಗೆ ಮುತ್ತವ್ವ ಮಜ್ಜಿಗೆ ತಂದುಕೊಟ್ಟಳು. ಹದಿನಾಲ್ಕನೇ ನಂಬರಿನ ಮನೆ ಅವಳದು. ಇಳಕಲ್ ಕಡೆಯಿಂದ ಗಂಡ ಕೊಟ್ರಪ್ಪನ ಜೊತೆ ಕಲ್ಲು ಒಡೆಯಲು ಬಂದಾಗ ಹದಿನೆಂಟೋ ಇಪ್ಪತ್ತೋ. ಎಂಬತ್ತೇಳರಲ್ಲಿ ಕೊಟ್ರಪ್ಪ ಗಣಿಯಲ್ಲೇ ತೀರಿಕೊಂಡ, ಸಿಡಿಯದ ಮದ್ದಿಗೆ. ಆಮೇಲೆ ಜಲ್ಲಿ ಒಡೆದೇ ಮಗಳನ್ನು ಸಾಕಿದಳು. ಮಗಳೂ ಹೋದಳು. ಈಗ ಮೊಮ್ಮಗಳು ಶಿಲ್ಪಾ ಗಾರ್ಮೆಂಟ್ಸಿಗೆ ಹೋಗಿ ಅಜ್ಜಿಯನ್ನು ನೋಡಿಕೊಳ್ಳುತ್ತಾಳೆ. ನಮ್ಮ ವಿಮಲಾಗೂ ಮುತ್ತವ್ವನಿಗೂ ಒಂದೇ ಜೀವ. ನಮ್ಮ ಮಗ ಹುಟ್ಟಿದಾಗ ಇವಳ ಬಾಣಂತನದಲ್ಲಿ ನಲವತ್ತು ದಿನ ನೀರು ಕಾಯಿಸಿ ಹೊಯ್ದವಳು.

"ನನ್ನ ಪರೀಕ್ಷಾ ಯಾವಾಗ್ರಿ ರೇವಣ್ಣಾರ? ಓದಿಲ್ಲ ಬರ್ದಿಲ್ಲ, ಫೇಲ್ ಮಾಡಬ್ಯಾಡ್ರಿ ಮತ್ತ" ಎಂದು ನಕ್ಕಳು.

"ನಿನಗೇನವ್ವಾ ಪರೀಕ್ಷೆ, ಇಡೀ ಕಾಲೋನಿಗೆ ನೀನೇ ದಾಖಲೆ" ಎಂದೆ.

ಜನವರಿ 13, ಸೋಮವಾರ

ಇವತ್ತಿನದನ್ನು ಸರಿಯಾಗಿ ಬರೆದಿಡಬೇಕು. ನಾಳೆ ಯಾರಾದರೂ ಕೇಳಿದರೆ ಇರಲಿ. ಯಾರು ಕೇಳುತ್ತಾರೆ? ಇರಲಿ.

ಮುತ್ತವ್ವನ ಸರದಿ. ಭೋಗಿ ಹಬ್ಬವೆಂದು ಹೊಸ ಇಳಕಲ್ ಸೀರೆ ಉಟ್ಟು ಬಂದಿದ್ದಳು. ಮದ್ದಿನ ಮನೆ, ಕುಲುಮೆ, ಕ್ರಷರ್, ತೂಕದ ಜಾಗ ನಾಲ್ಕನ್ನೂ ಕಣ್ಣು ಮುಚ್ಚಿಕೊಂಡು ತೋರಿಸಿದಳು. ಕುಲುಮೆ ಕಮ್ಮಾರನ ಎಮ್ಮೆಯ ಹೆಸರೂ ಹೇಳಿದಳು. ಶಶಿಕುಮಾರ್ ಪೆನ್ನು ಬಿಟ್ಟು ಕೇಳುತ್ತಾ ನಿಂತರು. ಐದನೆಯದು ಅವರೇ ಕೇಳಿದರು: "ಅಜ್ಜಿ, ನಮ್ಮ ಯಜಮಾನ್ರು ಎಲ್ಲಿ ನಿಂತ್ಕೊಂಡು ಎಣಿಸ್ತಿದ್ರು?"

ಮುತ್ತವ್ವ ಬಂಡೆಯ ಕಡೆ ತಿರುಗಲೇ ಇಲ್ಲ. ರಸ್ತೆಯಾಚೆ ಝೆರಾಕ್ಸ್ ಅಂಗಡಿ ತೋರಿಸಿದಳು. ಹಿಂದೆ ಅಲ್ಲಿ ಟೀ ಅಂಗಡಿ ಇತ್ತು.

"ಅಲ್ರೀ, ಚಾದಂಗಡಿ ಬೆಂಚಿನ ಮ್ಯಾಲ. ಬಂಡಿ ಮ್ಯಾಲ ನಿಂತ್ರ ಬಿಸಲು ಸುಡತಿತ್ತಲ್ರಿ, ಪಾಪ. ಅಲ್ಲೇ ಕುಂತು ಎಣಸ್ತಿದ್ರು. ಹೌದಲ್ರಿ ರೇವಣ್ಣಾರ?"

ದುಂಡಪ್ಪ ಫಕ್ಕನೆ ನಕ್ಕ. ಶಶಿಕುಮಾರ್ ನನ್ನ ಮುಖ ನೋಡಿದರು. ಸುತ್ತ ಇಪ್ಪತ್ತು ಜನ ಇದ್ದರು. ನನ್ನ ಕಿವಿ ಬಿಸಿಯಾಯಿತು.

ತಪ್ಪು ಎಂದೆ. ಎಣಿಸುವವನು ಯಾವತ್ತೂ ಬಂಡೆಯ ಮೇಲೇ ನಿಂತಿರುತ್ತಿದ್ದ. ಅದು ನಿಯಮ. ಕಾಗದದಲ್ಲಿ ಐದನೆಯ ಜಾಗದ ಮುಂದೆ ಅಡ್ಡಗೆರೆ ಎಳೆದೆ. ಮೂರಕ್ಕೆ ಪಾಸಲ್ಲವೇ ಎಂದು ದುಂಡಪ್ಪ ಗೊಣಗಿದ. ಈ ಮನೆಯದು ಆಮೇಲೆ ನೋಡೋಣ ಎಂದು ಮುಂದಿನವರನ್ನು ಕರೆಸಿದೆ.

ಬೇಕೆಂದೇ ಹೇಳಿದಳೋ ಏನೋ. ಅಷ್ಟು ಜನರ ಮುಂದೆ.

ಜನವರಿ 14, ಸಂಕ್ರಾಂತಿ

ಬೆಳಿಗ್ಗೆ ಶಿಲ್ಪಾ ಕೈಲಿ ಎಳ್ಳುಬೆಲ್ಲ, ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ ಕಳಿಸಿದ್ದಾಳೆ. ಪ್ರತಿ ವರ್ಷವೂ ಕಳಿಸುತ್ತಾಳೆ ಎಂದು ವಿಮಲಾ ವಾದ. ಪ್ರತಿ ವರ್ಷ ನಾನು ಪಂಚನಾಗಿರಲಿಲ್ಲ. ಪಂಚನಾದವನು ಅರ್ಜಿದಾರರಿಂದ ಏನನ್ನೂ ತೆಗೆದುಕೊಳ್ಳಬಾರದು. ಡಬ್ಬಿಯನ್ನು ಹಾಗೇ ವಾಪಸು ಕಳಿಸಿದೆ. ಎಳ್ಳುಬೆಲ್ಲ ವಾಪಸು ಕಳಿಸಿದ್ದನ್ನು ಈ ಜನ್ಮದಲ್ಲಿ ನೋಡಿರಲಿಲ್ಲ ಎಂದು ವಿಮಲಾ ಅತ್ತಳು.

ಜನವರಿ 16, ಗುರುವಾರ

ಇನ್ನು ಮೇಲೆ ಐದಕ್ಕೆ ಐದೂ ಸರಿಯಾದರೆ ಮಾತ್ರ ಪಾಸು. ಮೂರೆಂದರೆ ಬಹಳ ಸಡಿಲವಾಯಿತು, ಯಾರೋ ಹೇಳಿಕೊಟ್ಟದ್ದನ್ನು ಬಾಯಿಪಾಠ ಮಾಡಿಕೊಂಡು ಬಂದು ಒಪ್ಪಿಸುತ್ತಾರೆ. ಶಶಿಕುಮಾರ್ ಅವರಿಗೆ ಬಿಡಿಸಿ ಹೇಳಿದೆ, ಒಪ್ಪಿದರು.

"ಮೊನ್ನೆವರೆಗೂ ಮೂರಿತ್ತಲ್ಲಯ್ಯ ರೇವಣ್ಣ" ಎಂದ ದುಂಡಪ್ಪ.

"ಆಗಿದ್ದು ಆಯ್ತು. ಪಾಸಾದೋರನ್ನ ಯಾಕೆ ಕೆದಕಬೇಕು."

"ಹಂಗಾದ್ರೆ ಇನ್ನು ಬಾಕಿ ಇರೋದು ಮುತ್ತವ್ವಂದು ಮತ್ತೆ ನಿನ್ನೆ ಮೊನ್ನೆ ಬಂದಿರೋ ಆರು ಮನೆ. ಆ ಆರು ಹೆಂಗೂ ಫೇಲೇ. ರೂಲ್ಸು ಒಬ್ಬಳಿಗೇ ಮಾಡ್ದಂಗಾಯ್ತಲ್ಲೋ."

ನಿಯಮ ಅಂದಮೇಲೆ ಎಲ್ಲರಿಗೂ ಒಂದೇ ಎಂದೆ. ದುಂಡಪ್ಪನಿಗೆ ಓದು ಕಮ್ಮಿ, ಅರ್ಥವಾಗುವುದಿಲ್ಲ. ಸಹಿ ಹಾಕಿದ. ನನ್ನ ಸಾಲಿನ ಕೆಳಗೆ ಹಾಕು ಎಂದರೆ ಹಾಕುವ ಮನುಷ್ಯ.

ಜನವರಿ 20, ಸೋಮವಾರ

ಮಧ್ಯಾಹ್ನ ಊಟಕ್ಕೆ ಕೂತಾಗ ವಿಮಲಾ ಶುರು ಮಾಡಿದಳು. ಮುತ್ತವ್ವನ ಹೆಸರು ಲಿಸ್ಟಿಗೆ ಹಾಕಿ ಎಂದು. ಅವಳು ಸುಳ್ಳು ಹೇಳಿದಳು, ಹೇಗೆ ಹಾಕಲಿ ಎಂದೆ. ಏನು ಸುಳ್ಳು ಎಂದಳು. ಎಣಿಸುವವನು ಟೀ ಅಂಗಡಿಯಲ್ಲಿ ಕೂತಿದ್ದ ಎಂದಳಲ್ಲ, ಅದು ಎಂದೆ.

ವಿಮಲಾ ಸಾರಿನ ಸೌಟು ಪಾತ್ರೆಯಲ್ಲಿಟ್ಟಳು. "ಕೊಟ್ರಪ್ಪ ಸತ್ತ ದಿವಸ ನೀವು ಹಾಕ್ಕೊಂಡಿದ್ದ ಬಿಳೀ ಶರ್ಟು ಒಗ್ದೋಳು ನಾನು ಕಣ್ರೀ. ಎದೆ ತುಂಬಾ ಟೀ ಚೆಲ್ಲಿತ್ತು. ಕಲೆ ಹೋಗ್ಲೇ ಇಲ್ಲ. ನೀವು ಕೇಳ್ಲಿಲ್ಲ, ನಾನೂ ಹೇಳ್ಲಿಲ್ಲ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೋತಾ ಇದೀರಲ್ಲ, ನಾಚಿಕೆ ಆಗಲ್ವಾ?"

ಎದ್ದು ಕೈ ತೊಳೆದುಕೊಂಡೆ. ಮೂವತ್ತೆಂಟು ವರ್ಷ ಒಂದೇ ಹಾಸಿಗೆಯಲ್ಲಿ ಇದನ್ನು ಇಟ್ಟುಕೊಂಡು ಮಲಗಿದ್ದಾಳೆ ಎಂದು ಯೋಚಿಸಿದರೆ ಹೆಂಗಸರ ಮೇಲೆ ನಂಬಿಕೆ ಹೋಗುತ್ತದೆ.

ಜನವರಿ 21, ಮಂಗಳವಾರ

ಬರೆದು ಮುಗಿಸಿಬಿಡುತ್ತೇನೆ.

ಏಪ್ರಿಲ್ ತಿಂಗಳು. ಬಂಡೆಯ ಮೇಲೆ ಕಾಲಿಡಲಾಗದ ಬಿಸಿಲು. ಬೆಂಚಿನ ಮೇಲೆ ಕೂತರೂ ಸದ್ದು ಚೆನ್ನಾಗಿಯೇ ಕೇಳುತ್ತಿತ್ತು. ಅದಕ್ಕೂ ಹಿಂದೆ ಎಷ್ಟೋ ದಿನ ಅಲ್ಲಿಂದಲೇ ಎಣಿಸಿದ್ದೆ, ಯಾರಿಗೇನಾಗಿತ್ತು? ಅವತ್ತು ಒಂಬತ್ತು ತೂತಿಗೆ ಮದ್ದು ತುಂಬಿದ್ದರು. ಒಂಬತ್ತು ಸದ್ದು ಕೇಳಿದೆ. ಸೀಟಿ ಊದಿದೆ. ಅಂಗಡಿ ಮುಂದೆ ಜಲ್ಲಿ ಇಳಿಸುತ್ತಿದ್ದ ಲಾರಿಯ ಹಿಂದಿನ ಬಾಗಿಲು ಧಡ್ ಎಂದು ಬಿದ್ದಿತ್ತು ಅನ್ನುವುದು ಆಮೇಲೆ ನೆನಪಾಯಿತು. ಅಷ್ಟರಲ್ಲಿ ಕೊಟ್ರಪ್ಪ ಇಳಿದು ಹಾರೆ ಹಾಕಿದ್ದ. ಆ ಢಂ ಕೇಳಿದಾಗಲೇ ನನ್ನ ಕೈಲಿದ್ದ ಟೀ ಎದೆಯ ಮೇಲೆ ಚೆಲ್ಲಿದ್ದು.

ಸೀಟಿಗೆ ಮುಂಚೆ ಕೊಟ್ರಪ್ಪನೇ ಅವಸರ ಮಾಡಿ ಇಳಿದ ಎಂದು ಪೊಲೀಸರಿಗೆ ಹೇಳಿದೆ. ಬೇರೆ ಏನು ಹೇಳಲು ಸಾಧ್ಯವಿತ್ತು? ನನ್ನ ಮಗನಿಗೆ ಆಗ ಎರಡು ವರ್ಷ. ಸತ್ತವನಿಗೆ ಜೈಲಿಲ್ಲ. ಹದಿನಾರು ವರ್ಷದಲ್ಲಿ ಒಂದೇ ಒಂದು. ಸಾವಿರಗಟ್ಟಲೆ ಸರಿಯಾಗಿ ಎಣಿಸಿದ್ದನ್ನು ಯಾರೂ ಹೇಳುವುದಿಲ್ಲ.

ಬರೆದ ಮೇಲೆ ಹಗುರವಾಯಿತು. ಈಗ ನಿಯಮದ ಪ್ರಕಾರ ಕೆಲಸ ಮಾಡಬಹುದು.

ಜನವರಿ 23, ಗುರುವಾರ

ಗಣೇಶನ ಕಟ್ಟೆಯ ಮೇಲೆ ಲಿಸ್ಟು ಅಂಟಿಸಿದರು. ಐವತ್ತೈದು ಮನೆಗಳ ಹೆಸರಿದೆ. ಹದಿನಾಲ್ಕನೇ ನಂಬರು ಇಲ್ಲ. ಆಕ್ಷೇಪಣೆಗೆ ಒಂದು ವಾರ ಕಾಲ. ಆಕ್ಷೇಪಣೆ ಅರ್ಜಿಯಲ್ಲಿ ಪಂಚರು ಸರಿ ಎಂದು ಬರೆದರೆ ಸೇರಿಸುತ್ತಾರೆ.

ಸಂಜೆ ಶಿಲ್ಪಾ ಗಾರ್ಮೆಂಟ್ಸಿನಿಂದ ನೇರ ನಮ್ಮ ಮನೆ ಬಾಗಿಲಿಗೆ ಬಂದಳು. ಬೀದಿಯವರೆಲ್ಲ ಕೇಳುವ ಹಾಗೆ ಕೂಗಿದಳು. "ತಾತ, ಏಳು ವರ್ಷದ ಹಿಂದೆ ಬಂದಿರೋ ಪಂಕ್ಚರ್ ಅಂಗಡಿ ಅಣ್ಣಂಗೆ ಮನೆ ಕೊಟ್ರಿ. ನಮ್ಮಜ್ಜಿ ಗಂಡನ್ನೇ ಕಳ್ಕೊಂಡೋಳು ಇದೇ ಹಳ್ಳದಲ್ಲಿ. ಅವಳು ಹೊಸಬಳಾ? ದೇವ್ರು ಕೊಟ್ರೂ ಪೂಜಾರಿ ಕೊಡಲ್ಲ ಅಂತಾರಲ್ಲ, ನಿಮ್ಮನ್ನ ನೋಡೇ ಹೇಳಿರ್ಬೇಕು!"

ಪಂಕ್ಚರ್ ಅಂಗಡಿಯವನು ಮೂರು ಸರಿ ಹೇಳಿದ್ದ, ಆಗ ಮೂರಕ್ಕೆ ಪಾಸಿತ್ತು. ಅದನ್ನು ಆ ಹುಡುಗಿಗೆ ಶಾಂತವಾಗಿ ವಿವರಿಸಿದೆ. ಕೇಳಿಸಿಕೊಳ್ಳುವ ತಾಳ್ಮೆ ಇರಲಿಲ್ಲ. ಅರ್ಜಿದಾರರ ಕಡೆಯವರು ಪಂಚರ ಮನೆಗೆ ಬರಬಾರದು ಎಂದು ನಾಳೆ ಶಶಿಕುಮಾರ್ ಅವರಿಂದ ನೋಟಿಸು ಹಾಕಿಸಬೇಕು.

ಜನವರಿ 27, ಸೋಮವಾರ

ಅರ್ಜಿದಾರಳು ತಾನೇ ಬಂದಿದ್ದಳು, ನಾನು ಬಂಡೆಯ ಹತ್ತಿರ ಅಳತೆಯವರ ಜೊತೆ ನಿಂತಿದ್ದಾಗ. ಮೊಮ್ಮಗಳು ಜೊತೆಗಿದ್ದಳು. "ರೇವಣ್ಣಾರ, ಅವತ್ತ ನಾ ತಪ್ಪ ಹೇಳಿದ್ನಿ. ನೀವು ಬಂಡಿ ಮ್ಯಾಲನ ನಿಂದರ್ತಿದ್ರಿ. ಈಗ ತೋರಸ್ತೀನಿ, ಬರಕೊಳ್ರಿ. ಈ ಹುಡುಗಿಗೆ ತಲಿ ಮ್ಯಾಲ ಒಂದ್ ಸೂರ ಇರಲಿ."

ನನ್ನೊಬ್ಬನಿಗೆ ಹೇಳಿದರೆ ಸಾಲದು, ಹೇಳಿದ್ದು ಎಲ್ಲರ ಮುಂದೆ, ತಿದ್ದುವುದೂ ಎಲ್ಲರ ಮುಂದೆಯೇ ಆಗಬೇಕು ಎಂದೆ. ದುಂಡಪ್ಪನನ್ನೂ ಶಶಿಕುಮಾರ್ ಅವರನ್ನೂ ಕರೆಸಿದೆ. ಜನ ತಾವಾಗಿಯೇ ಸೇರಿದರು. ಗೂನಿನ ಮೇಲೆ ಕೈಯಿಟ್ಟು, ಇಲ್ಲೇ ನಿಂತು ಎಣಿಸುತ್ತಿದ್ದರು ಎಂದು ಹೇಳಿದಳು. ಜೋರಾಗಿ ಹೇಳು, ಹಿಂದಿನವರಿಗೆ ಕೇಳುವುದಿಲ್ಲ ಎಂದೆ. ಇನ್ನೊಮ್ಮೆ ಹೇಳಿದಳು.

"ನಿನ್ನ ಗಂಡ ಹೋದ ದಿನ?"

"ಅವತ್ತೂ ಇಲ್ಲೇ ಇದ್ರಿ."

"ಮತ್ತೆ ಅವನು ಹೇಗೆ ಸತ್ತ?"

ಶಿಲ್ಪಾ "ಬೇಡ ಅಜ್ಜಿ, ಬಾ, ಮನೆ ಬೇಡ ನಮ್ಗೆ" ಎಂದು ಕೈ ಹಿಡಿದು ಎಳೆದಳು. ಮುದುಕಿ ಕೈ ಬಿಡಿಸಿಕೊಂಡಳು. ನೆಲ ನೋಡುತ್ತಾ, "ಅವನಽ ಅವಸರ ಮಾಡ್ದಾ. ಸೀಟಿ ಊದೂದಕ್ಕಿಂತ ಮೊದಲಽ ಇಳದಾ. ತಪ್ಪ ಅವಂದಽ" ಎಂದಳು.

ನನಗೆ ಎದೆಯ ಮೇಲಿಂದ ಚಪ್ಪಡಿ ಇಳಿಸಿದಂತಾಯಿತು, ಸುಳ್ಳು ಹೇಳುವುದಿಲ್ಲ. ಸುಮಾರು ವರ್ಷಗಳ ನಂತರ ಸಂಜೆ ಮೇನ್ ರೋಡಿನ ಕಡೆ ವಾಕಿಂಗ್ ಹೋಗಿ ಬಂದೆ.

ಜನವರಿ 29, ಬುಧವಾರ

ಆಕ್ಷೇಪಣೆ ಅರ್ಜಿಯಲ್ಲಿ ಪಂಚರ ಅಭಿಪ್ರಾಯಕ್ಕೆ ಬಿಟ್ಟ ಜಾಗ ನಾಲ್ಕು ಸಾಲು. ಮೊದಲು 'ಸರಿ ಇದೆ' ಎಂದು ಬರೆಯೋಣ ಎಂದುಕೊಂಡೇ ಕೂತೆ. ಪೆನ್ನು ಹಿಡಿದ ಮೇಲೆ ಯೋಚನೆ ಬಂತು. ಹದಿಮೂರನೇ ತಾರೀಖು ಒಂದು ಹೇಳಿದ್ದಾಳೆ, ಇಪ್ಪತ್ತೇಳಕ್ಕೆ ಇನ್ನೊಂದು. ಮನೆಯ ಆಸೆಗೆ ಸತ್ತ ಗಂಡನ ಮೇಲೇ ತಪ್ಪು ಹಾಕಿದವಳು. ಕಟ್ಟಡದಲ್ಲಿ ದಿನಾ ಎದುರು ಸಿಗುತ್ತಾಳೆ. ನಾಳೆ ಅವಳ ಮಾತು ಮತ್ತೆ ತಿರುಗುವುದಿಲ್ಲ ಎಂದು ಏನು ಗ್ಯಾರಂಟಿ?

'ಅರ್ಜಿದಾರಳು ಹೇಳಿಕೆಯನ್ನು ಬದಲಿಸಿರುವುದರಿಂದ ಆಕೆಯ ಮಾತು ನಂಬಲರ್ಹವಲ್ಲ' ಎಂದು ಬರೆದೆ. ಅಕ್ಷರ ದುಂಡಗೆ ಬಂದಿದೆ. ದುಂಡಪ್ಪ ಓದಿಸಿಕೊಂಡು, ಈ ಸಲ ಸಹಿ ಹಾಕುವುದಿಲ್ಲ ಎಂದು ಎದ್ದು ಹೋದ. ಅರ್ಜಿ ತಳ್ಳಿಹಾಕಲು ಒಬ್ಬ ಪಂಚನ ಸಹಿ ಸಾಕಂತೆ.

ವಿಮಲಾ ಮಾತು ಬಿಟ್ಟು ಇವತ್ತಿಗೆ ಒಂಬತ್ತು ದಿನ.

ಫೆಬ್ರವರಿ 8, ಶನಿವಾರ

ಹದಿನಾಲ್ಕನೇ ನಂಬರು ಇವತ್ತು ಖಾಲಿಯಾಯಿತು. ಬಾಪೂಜಿನಗರದಲ್ಲಿ ಶಿಲ್ಪಾಳ ಜೊತೆ ಕೆಲಸ ಮಾಡುವ ಹುಡುಗಿಯರು ಒಂದು ರೂಮಿನಲ್ಲಿದ್ದಾರಂತೆ, ನಾಲ್ಕು ಜನ. ಅಲ್ಲಿಗೇ ಇವರಿಬ್ಬರೂ. ಸಾಮಾನು ಒಂದು ಟೆಂಪೋಗೂ ಆಗಲಿಲ್ಲ. ವಿಮಲಾ ಬೆಳಿಗ್ಗೆಯಿಂದ ಅಲ್ಲೇ ಪಾತ್ರೆ ಕಟ್ಟಿಕೊಡುತ್ತಿದ್ದಳು.

ಹತ್ತೂವರೆಗೆ ಮುದುಕಿ ನಮ್ಮ ಮನೆಗೆ ಬಂದಳು. ನೋಟಿಸು ಇದ್ದರೂ ಬಂದಳು. ಬೈಯಲು ಬಂದಿದ್ದಾಳೆ, ಬೈಯಲಿ ಎಂದು ಸಿದ್ಧನಾಗಿ ಕೂತೆ. ಹೊಸ್ತಿಲ ಹೊರಗೇ ನಿಂತುಕೊಂಡು, ಯಾವತ್ತಿನ ದನಿಯಲ್ಲೇ ಮಾತಾಡಿದಳು.

"ರೇವಣ್ಣಾರ, ಒಂದ್ ಮಾತ ಹೇಳಿ ಹೋಗ್ತೀನ್ರಿ. ಅವತ್ತ ನಾ ಮ್ಯಾಲ ಜಲ್ಲಿ ಒಡೀತಿದ್ನಿ. ನಂಗ ಎಂಟಽ ಕೇಳಿದ್ವು. ಇಳೀಬ್ಯಾಡ, ಒಂದ್ ಕಮ್ಮಿ ಐತಿ ಅಂತ ಅವನ ಅಂಗಿ ಹಿಡದ ಜಗ್ಗಿದ್ನಿ. ಅಂವ ನಕ್ಕಾ. 'ರೇವಣ್ಣಾರು ಸೀಟಿ ಊದ್ಯಾರ. ನಿನ್ನ ಕಿವೀನ ನಂಬ್ಲೋ, ಅವರ ಕಿವೀನ ನಂಬ್ಲೋ?' ಅಂದು ಬಿಡಿಸ್ಕೊಂಡು ಹ್ವಾದಾ. ಇದನ್ನ ಕೇಳಿದ್ರ ನೀವು ಜೀವಾ ಇಟ್ಕೊಳ್ಳೂದಿಲ್ಲ ಅಂತ ಇಷ್ಟ ವರ್ಷ ನಾ ಬಾಯಿ ಬಿಟ್ಟಿರಲಿಲ್ರಿ. ವಿಮಲಕ್ಕಗೂ ಹೇಳಿಲ್ಲ."

ಹೇಳಿ ನನ್ನ ಮುಖ ನೋಡುತ್ತಾ ನಿಂತಳು. ಏನನ್ನು ಕಾಯುತ್ತಿದ್ದಳೋ ಗೊತ್ತಿಲ್ಲ. ಟೆಂಪೋದವನು ಹಾರ್ನ್ ಹೊಡೆಯುತ್ತಿದ್ದ.

"ಗಾಡಿ ಕಾಯ್ತಾ ಇದೆ, ಹೊರಡು" ಎಂದೆ.

ಹೋದಳು. ಸಾಮಾನು ಇಳಿಸಿಕೊಟ್ಟು ಬರುತ್ತೇನೆ ಎಂದು ವಿಮಲಾ ದುಂಡಪ್ಪನ ಹೆಂಡತಿಗೆ ಹೇಳಿ, ನನಗೆ ಹೇಳದೆ, ಟೆಂಪೋ ಹತ್ತಿದಳಂತೆ. ಎರಡು ಗಂಟೆಯಾದರೂ ಬರಲಿಲ್ಲ. ಅನ್ನ, ಹುಳಿ ಒಲೆಯ ಮೇಲೇ ಇತ್ತು. ಹಸಿವಾಗಿತ್ತು. ನಾನೇ ಬಡಿಸಿಕೊಂಡು ಉಂಡೆ, ಎರಡನೇ ಸಲವೂ ಅನ್ನ ಹಾಕಿಕೊಂಡೆ.